ಗಾಜಿನ ಬೆನ್ನಿಗೆ ಬಳಿದ ಕೆಂಪು

ಜನವರಿ ೧೯

ಅಕ್ಕನವರಿಗೆ,

ಛಾಯಾಗ್ರಾಹಕಿಯಾಗಿದ್ದ ನಿಮ್ಮ ತಾಯಿಗೆ ಸ್ಟುಡಿಯೋ ಮಾಲೀಕ ಕೊಟ್ಟಿದ್ದ ಮಾತುಗಳು ಇವು. ಬೋರ್ಡಿನ ಮೇಲೆ ಅವನ ಹೆಸರಿನ ಕೆಳಗೆ ಅವರ ಹೆಸರೂ ಬರುತ್ತದೆ. ಅವರು ತೆಗೆದ ಚಿತ್ರದ ಹಿಂದೆ ಅವರದೇ ಸಹಿ ಇರುತ್ತದೆ. ಹೊಸ ಕ್ಯಾಮೆರಾ ಬಂದ ದಿನ ಹಳೆಯದು ಅವರದಾಗುತ್ತದೆ.

ಆದದ್ದು ಇದು. ಬೋರ್ಡಿಗೆ ಬಣ್ಣ ಬಳಿಯುವ ಕೆಲಸ ಸಿಕ್ಕಿತು, ಹೆಸರು ಸಿಗಲಿಲ್ಲ. ಚಿತ್ರದ ಹಿಂದೆ ಮಾಲೀಕನ ಮೊಹರು ಬಿತ್ತು, ಅದನ್ನು ಒತ್ತಿದ ಕೈ ಮಾತ್ರ ನಿಮ್ಮ ತಾಯಿಯದು. ಹಳೆಯ ಕ್ಯಾಮೆರಾ ಮಾಲೀಕನ ಅಳಿಯನ ಮನೆಯ ಷೋಕೇಸಿಗೆ ಹೋಯಿತು.

ಈ ತಿಂಗಳ ಮೊದಲಲ್ಲಿ ನಿಮ್ಮ ಮನೆಯಲ್ಲಿ ಕೂತು ಕೇಳಿದ್ದನ್ನೆಲ್ಲ ಹೀಗೆ ಬರೆದಿಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ. ತಿದ್ದುವುದು ನನ್ನದೇ ಕಸುಬು. ಪ್ರೆಸ್ಸಿನಲ್ಲಿ ದಿನವಿಡೀ ಬೇರೆಯವರ ಪುಸ್ತಕದ ಪ್ರೂಫು ನೋಡುತ್ತೇನೆ. ರಜೆಯ ದಿನ ಮಾತ್ರ ನನ್ನ ಕೆಲಸ. ಚಿತ್ರ ತೆಗೆದೂ ಹೆಸರಿಲ್ಲದೆ ಸತ್ತವರನ್ನು ಹುಡುಕಿಕೊಂಡು ಊರೂರು ಅಲೆಯುತ್ತೇನೆ. ನನ್ನ ಹಿಂದೆ ಕಾಲೇಜಿಲ್ಲ, ಪದವಿಯಿಲ್ಲ, ಶಿಫಾರಸು ಮಾಡುವ ಮಾವನೂ ಇಲ್ಲ.

ಈ ಸಲ ಆಸರೆ ಸಿಗುವ ಹಾಗಿದೆ. ಹಳೆಯ ಛಾಯಾಚಿತ್ರಗಳ ಪ್ರತಿಷ್ಠಾನದ ನಿರ್ದೇಶಕರು ನನ್ನ ಅರ್ಜಿ ಓದಿ ಕರೆಸಿದ್ದರು. ಸ್ವತಂತ್ರವಾಗಿ ಸಂಶೋಧನೆ ಮಾಡುವವರ ಕೈ ಹಿಡಿಯುವುದೇ ತಮ್ಮ ಉದ್ದೇಶ ಎಂದರು. ಒಂದು ವರ್ಷದ ಖರ್ಚು, ಕೆಲಸ ಮಾಡಲು ಬೀಗವಿರುವ ಒಂದು ಕೋಣೆ, ಹಳೆಯ ಗಾಜನ್ನು ಶುದ್ಧಿ ಮಾಡಬಲ್ಲ ಒಬ್ಬ ತಜ್ಞ, ಮತ್ತು ಜೂನಿನ ಪ್ರದರ್ಶನದಲ್ಲಿ ಗೋಡೆಯ ಮೇಲೆ ನಿಮ್ಮ ತಾಯಿಯ ಹೆಸರು. ಇಷ್ಟನ್ನೂ ಬಾಯಿಬಿಟ್ಟು ಹೇಳಿದ್ದಾರೆ.

ನಿಮ್ಮ ಮಂಚದ ಕೆಳಗಿನ ಮರದ ಪೆಟ್ಟಿಗೆಯಲ್ಲಿರುವುದು ಬರೀ ಗಾಜಲ್ಲ ಅಕ್ಕ. ಫಿಲ್ಮು ಬರುವ ಮುಂಚೆ ಚಿತ್ರ ಹಿಡಿಯುತ್ತಿದ್ದದ್ದೇ ಆ ಗಾಜಿನ ಮೇಲೆ. ಮಾದರಿಗೆಂದು ನಾನು ತಂದ ಒಂದು ಪ್ಲೇಟನ್ನು, ಕುರ್ಚಿಯಲ್ಲಿ ಕೂತ ದಾದಿಯ ಆ ಚಿತ್ರವನ್ನು, ನಿರ್ದೇಶಕರು ಬೆಳಕಿಗೆ ಹಿಡಿದು ಮೂಲೆ ಮೂಲೆಯನ್ನೂ ನೋಡಿದರು. ಉಳಿದವನ್ನು ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಮಲಗಿಸಬೇಡಿ. ಗೋಡೆಯ ತೇವದಿಂದ ದೂರವಿರಲಿ.

ನಿಮ್ಮ
ಪ್ರೂಫ್ ನೋಡುವವಳು


ಫೆಬ್ರವರಿ ೨

ಪ್ರೂಫಮ್ಮನಿಗೆ,

ನನ್ನನ್ನು ಅಕ್ಕನವರು ಗಿಕ್ಕನವರು ಅಂತ ಬರೆಯಬೇಡ. ಪೋಸ್ಟಿನವನು ನಾನು ಬಟ್ಟೆ ಒಗೆಯುವ ಆಸ್ಪತ್ರೆಗೆ ಬಂದು ಇಡೀ ಲಾಂಡ್ರಿಗೆ ಕೇಳುವ ಹಾಗೆ ವಿಳಾಸ ಓದಿದ. ಇಲ್ಲಿ ಎಲ್ಲರಿಗೂ ನಾನು ಸೋಪಕ್ಕ. ವಯಸ್ಸಿನಲ್ಲಿ ನೀನು ನನ್ನ ತಂಗಿ, ನೀನು ಅಂತಲೇ ಕರೆಯುತ್ತೇನೆ. ಬೇಜಾರಾದರೆ ಹೇಳು, ಆಗಲೂ ನೀನು ಅಂತಲೇ ಕರೆಯುತ್ತೇನೆ.

ನೀನು ಬರೆದದ್ದರಲ್ಲಿ ಒಂದು ತಪ್ಪಿದೆ. ಅಮ್ಮನನ್ನು ಛಾಯಾಗ್ರಾಹಕಿ ಎಂದಿದ್ದೀಯ. ಆ ಪದ ಕೇಳಿದ್ದರೆ ಅವಳು ಹಿಂದೆ ತಿರುಗಿ ಯಾರು ಬಂದರು ಅಂತ ನೋಡುತ್ತಿದ್ದಳು. ಸ್ಟುಡಿಯೋದಲ್ಲಿ ಅವಳು 'ಬಣ್ಣದವಳು'. ಚೂಪು ಪೆನ್ಸಿಲಿನಿಂದ ಗಾಜಿನ ಮೇಲೆ ಮೊಡವೆ, ಸುಕ್ಕು ಅಳಿಸುವುದು ಅವಳ ಕೆಲಸ. "ಈ ಊರಲ್ಲಿ ಅರ್ಧ ಜನ ಗಂಡಸರಿಗೆ ಮೂಗು ಕೊಟ್ಟವಳು ನಾನು. ದೇವರು ಅವಸರದಲ್ಲಿ ಬಿಟ್ಟಿದ್ದ," ಅನ್ನುತ್ತಿದ್ದಳು.

ಮಾಲೀಕನಿಗೆ ಕುಡಿದು ಕುಡಿದು ಕೈ ನಡುಗಲು ಶುರುವಾದ ಮೇಲೆ ಕ್ಯಾಮೆರಾ ಇವಳ ಕೈಗೆ ಬಂತು. ಅವನು ಗಿರಾಕಿಯ ಪಕ್ಕ ನಿಂತು, "ನಗಿ ಸಾರ್, ಗಲ್ಲ ಮೇಲೆತ್ತಿ ಸಾರ್" ಎನ್ನುತ್ತಿದ್ದ. ಕಪ್ಪು ಬಟ್ಟೆಯೊಳಗೆ ತಲೆ ಹಾಕುತ್ತಿದ್ದವಳು ಅಮ್ಮ. "ಇದೇನ್ರೀ, ಹೆಂಗಸು ತೆಗೀತಿದಾಳೆ?" ಅಂತ ಯಾರೋ ಕೇಳಿದರೆ, "ಇಲ್ಲ ಇಲ್ಲ, ಅವಳು ಲೆನ್ಸ್ ಒರೆಸ್ತಿದಾಳೆ" ಅನ್ನುತ್ತಿದ್ದನಂತೆ. ಅಷ್ಟು ವರ್ಷ ಒರೆಸಿದ್ದರೆ ಲೆನ್ಸೇ ಸವೆದುಹೋಗಬೇಕಿತ್ತು.

ಒಂದು ವಿಷಯ. ಗುಂಪಿನ ಫೋಟೋಗಳ ಮೇಲೆ ಕೆಂಪು ಕಲೆ ಇದೆಯಲ್ಲ, ಅದು ತೇವಕ್ಕೆ ಹಿಡಿದದ್ದು. ಪ್ರತಿಷ್ಠಾನದವರು ಏನೂ ಅನ್ನುವುದಿಲ್ಲ ತಾನೇ? ಅಮ್ಮನ ಹೆಸರು ಗೋಡೆ ಮೇಲೆ ನೋಡಿ ಬಂದರೆ ಸಾಕು, ಆಮೇಲೆ ನನ್ನನ್ನು ಹಳೆ ಹಾಸುಬಟ್ಟೆ ಜೊತೆ ಹರಿದು ಒರೆಸುಬಟ್ಟೆ ಮಾಡಿದರೂ ಚಿಂತೆಯಿಲ್ಲ.

ಸೋಪಕ್ಕ


ಫೆಬ್ರವರಿ ೨೧

ಸೋಪಕ್ಕ,

ನಿಮ್ಮ ಕಾಗದವನ್ನು ಮೆಷಿನ್ ವಿಭಾಗದ ಹೆಂಗಸರಿಗೆಲ್ಲ ಓದಿ ಹೇಳಿದೆ. 'ಲೆನ್ಸ್ ಒರೆಸ್ತಿದಾಳೆ' ಎಂಬುದು ಈಗ ನಮ್ಮಲ್ಲಿ ಗಾದೆಯಾಗಿದೆ. ಫೋರ್‌ಮನ್ ತನ್ನ ತಪ್ಪನ್ನು ನಮ್ಮ ಮೇಲೆ ಹಾಕಿದಾಗೆಲ್ಲ ಯಾರಾದರೊಬ್ಬರು ಹೇಳುತ್ತಾರೆ, ಅವನಿಗೆ ಮಾತ್ರ ಅರ್ಥವಾಗುವುದಿಲ್ಲ.

ಅಕ್ಕ, ಇದು ನಿಮ್ಮ ತಾಯಿಯೊಬ್ಬರ ಕಥೆಯಲ್ಲ. ದುಡಿದ ಕೈಗಳನ್ನು ಚೌಕಟ್ಟಿನಿಂದ ಹೊರಗೆ ತಳ್ಳಿ, ಮೊಹರು ಹಿಡಿದ ಕೈಯನ್ನು ಮಾತ್ರ ಇತಿಹಾಸ ಎಂದು ಕರೆಯುವ ಈ ವ್ಯವಸ್ಥೆಗೆ ನಾವು ಒಂದೇ ಒಂದು ಸಲ ಬೆರಳಿಟ್ಟು ತೋರಿಸಬೇಕು. ಗಾಜು ಕಳ್ಳನ ಪರ ಸಾಕ್ಷಿ ಹೇಳುವುದಿಲ್ಲ.

ಸಾಕ್ಷಿಯ ಮಾತು ಯಾಕೆ ಬಂತೆಂದರೆ, ಪ್ರತಿಷ್ಠಾನದ ಸಮಿತಿ ಒಂದು ಷರತ್ತು ಹಾಕಿದೆ. ನಿಮ್ಮ ತಾಯಿಯೇ ಕ್ಯಾಮೆರಾ ನಡೆಸಿದರು ಎಂಬುದಕ್ಕೆ ಒಂದು ಪುರಾವೆ ಬೇಕಂತೆ. ಬಾಯಿಮಾತು ಆಗದು, ಕಣ್ಣಿಗೆ ಕಾಣುವಂಥದ್ದು ಬೇಕು. ಸಿಕ್ಕರೆ ಎಲ್ಲ ಚಿತ್ರಗಳ ಕೆಳಗೂ ಅವರ ಹೆಸರು. ಸಿಗದಿದ್ದರೆ ಮಾಲೀಕನದು.

ಹೆದರಬೇಡಿ. ಕೆಂಪಿನ ವಿಷಯ ನನಗೆ ಬಿಡಿ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಖಚಿತವಾದ ಮೇಲೆ ಬರೆಯುತ್ತೇನೆ. ಸದ್ಯಕ್ಕೆ ನನಗೆ ಒಂದು ಉತ್ತರ ಬೇಕು: ಆ ಗುಂಪುಗಳ ಹಿಂದೆ ಕಾಣುವ ಗಿರಣಿಯಲ್ಲಿ ಮುಷ್ಕರ ನಡೆದ ವರ್ಷ ಸ್ಟುಡಿಯೋದಲ್ಲಿ ಏನಾಯಿತು?

ನಿಮ್ಮ ಪ್ರೂಫಮ್ಮ


ಮಾರ್ಚ್ ೧೪

ಪ್ರೂಫಮ್ಮ,

ನೀನು ಕೇಳಬಾರದಿತ್ತು, ಕೇಳಿದೆ. ಮೂರು ಸಲ ಬರೆದು ಹರಿದೆ.

ಮುಷ್ಕರದ ವರ್ಷ ನಾನು ಇನ್ನೂ ಸ್ಲೇಟು ಹಿಡಿಯುವ ಹುಡುಗಿ. ಗಿರಣಿಯವರು ಗೇಟಿನ ಮುಂದೆ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಳ್ಳಬೇಕು ಅಂತ ಬಂದರು. ನಾಳೆ ಒಬ್ಬೊಬ್ಬರನ್ನೇ ಹೆದರಿಸಿ ಒಡೆದರೆ, ಎಲ್ಲರೂ ಒಂದಾಗಿದ್ದೆವು ಅನ್ನುವ ಗುರುತಿರಲಿ ಅಂತ. ಮಾಲೀಕ ಅವತ್ತು ಏಳುವ ಸ್ಥಿತಿಯಲ್ಲಿರಲಿಲ್ಲ. ಅಮ್ಮ ಹೋದಳು. ದಿನಾ ಹೋದಳು. ಆಮೇಲೆ ಪೊಲೀಸರು ಸ್ಟುಡಿಯೋಗೆ ಬಂದರು. ಅದರ ಮರುದಿನ ಮಾಲೀಕ ಗಿರಾಕಿಗಳ ಎದುರಿಗೇ ಅಮ್ಮನ ಕೆನ್ನೆಗೆ ಹೊಡೆದು, "ಹುಚ್ಚಿ! ಎಲ್ಲ ಪ್ಲೇಟೂ ಹಾಳು ಮಾಡಿದಾಳೆ. ತಗೊಂಡು ಹೋಗು, ಈ ದರಿದ್ರ ಗಾಜನ್ನೂ ತಗೊಂಡು ಹೋಗು" ಅಂತ ಪೆಟ್ಟಿಗೆ ಸಮೇತ ಬೀದಿಗೆ ಹಾಕಿದ.

ಕಲೆ ತೇವದ್ದಲ್ಲ. ಸುಳ್ಳು ಹೇಳಿದೆ. ಅಮ್ಮನೇ ಬಳಿದದ್ದು. ಜನರ ಮುಖದ ಮೇಲೆ ಕೆಂಪು ಬಣ್ಣ ಬಳಿದಳು. ಯಾಕೆ ಅಂತ ಯಾವತ್ತೂ ಹೇಳಲಿಲ್ಲ. ಬೀದಿಯವರು ಅವಳಿಗೆ ಹುಚ್ಚಿ ಅಂದರು, ನನಗೆ ಹುಚ್ಚಿಯ ಮಗಳು ಅಂದರು. ಮದುವೆಗೆ ಬಂದ ಗಂಡಿನ ಕಡೆಯವರು ಅದನ್ನೇ ಕೇಳಿಸಿಕೊಂಡು ಎದ್ದು ಹೋದರು. ಮುದುಕಿಯಾದ ಮೇಲೆ ಒಂದು ದಿನ ನಾನೇ ಸಿಟ್ಟಿನಲ್ಲಿ, "ಯಾಕಮ್ಮಾ ಹಾಗೆ ಮಾಡಿದೆ? ಬುದ್ಧಿ ಎಲ್ಲಿತ್ತು?" ಅಂದೆ. "ಬುದ್ಧಿ ಕೈಯಲ್ಲೇ ಇತ್ತು ಬಿಡು" ಅಂದಳು. ಅಷ್ಟೇ.

ಇದನ್ನೆಲ್ಲ ನಿನಗೆ ಹೇಳಿದ್ದೇನೆ, ಗೋಡೆಗಲ್ಲ. ಏನು ಬೇಕಾದರೂ ಬರಿ, ಹುಚ್ಚಿ ಅಂತ ಮಾತ್ರ ಬರೆಯಬೇಡ. ಇದಕ್ಕೆ ಬೇಗ ಉತ್ತರ ಬರಿ ತಂಗಿ. ಒಂದು ಸಾಲಾದರೂ ಸರಿ.

ಸೋಪಕ್ಕ


ಏಪ್ರಿಲ್ ೯

ಪ್ರೂಫಮ್ಮ,

ಸಾಲು ಬರಲಿಲ್ಲ. ಪೋಸ್ಟಿನವನು ಈಗ ನನ್ನನ್ನು ಕಂಡರೆ ಸೈಕಲ್ಲು ತಿರುಗಿಸುತ್ತಾನೆ.

ನೀನು ಬರೆಯದಿದ್ದರೂ ಪ್ರತಿಷ್ಠಾನದವರು ನನಗೇ ನೇರವಾಗಿ ಬರೆದಿದ್ದಾರೆ. ದಪ್ಪ ಕಾಗದ, ತಲೆಯ ಮೇಲೆ ಚಿನ್ನದ ಬಣ್ಣದ ಕ್ಯಾಮೆರಾ. ಇಂಗ್ಲಿಷ್ ಬರಹ, ವಾರ್ಡಿನ ದಾದಿ ಓದಿ ಅರ್ಥ ಹೇಳಿದಳು. 'ಕಲೆಗಳಿಂದ ಕೂಡಿದ ಪ್ಲೇಟುಗಳು ಪ್ರದರ್ಶನಕ್ಕೆ ಯೋಗ್ಯವಲ್ಲ. ಉತ್ತಮ ಸ್ಥಿತಿಯಲ್ಲಿರುವವನ್ನು ಮಾತ್ರ ಸ್ವೀಕರಿಸಲಾಗುವುದು. ನಮ್ಮ ವಾಹನ ಹನ್ನೊಂದನೇ ತಾರೀಕು ಬರುತ್ತದೆ.'

ಆಗ ಗೊತ್ತಾಯಿತು ನೀನು ಯಾಕೆ ಸುಮ್ಮನಾದೆ ಅಂತ. ಹುಚ್ಚಿಯ ಗಾಜು ತಂದು ಮರ್ಯಾದೆ ಹೋಯಿತು ಅಂತ ನನ್ನ ಮುಖಕ್ಕೆ ಹೇಳಲು ಸಂಕೋಚ. ಸಂಕೋಚ ಪಡಬೇಡ. ನೀನು ಓಡಾಡಿದ್ದೀಯ, ನಾನು ಕೈಕಟ್ಟಿ ಕೂತಿದ್ದೆ. ಈಗ ನನ್ನ ಸರದಿ.

ಹೆರಿಗೆ ವಾರ್ಡಿನ ಹಾಸುಬಟ್ಟೆ, ಆಪರೇಷನ್ ಕೋಣೆಯ ಅಂಗಿ, ಎಲ್ಲ ನನ್ನ ಕೈಯಿಂದ ಬೆಳ್ಳಗಾಗಿ ಹೋಗಿವೆ. ಕೆಂಪು ತೆಗೆಯುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನಾಳೆ ವಾರದ ರಜೆ. ನಾಡಿದ್ದು ಗಾಡಿ ಬಂದಾಗ ಅಮ್ಮನ ಗಾಜು ಕನ್ನಡಿಯಂತಿರುತ್ತದೆ, ನೋಡುತ್ತಿರು. ಒಳ್ಳೆ ಸುದ್ದಿಯನ್ನೇ ಬರೆಯುತ್ತೇನೆ.

ಸೋಪಕ್ಕ


ಏಪ್ರಿಲ್ ೧೦

ಸೋಪಕ್ಕ,

ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಬೈಯಿರಿ. ಆದರೆ ಈ ಕಾಗದವನ್ನು ಪೂರ್ತಿ ಓದಿ ಆಮೇಲೆ ಬೈಯಿರಿ.

ಮೊದಲು ಕೆಟ್ಟದ್ದು. ಕೊಟ್ಟಿದ್ದ ಮಾತುಗಳ ಗತಿ ಇದು. ಖರ್ಚು ಕೊಡುವುದಿಲ್ಲ. ಕೋಣೆ ಬೇರೆಯವರಿಗೆ ಹೋಗಿದೆ. ತಜ್ಞ ಬೇರೆ ಕೆಲಸದಲ್ಲಿದ್ದಾನೆ. ಗೋಡೆಯ ಮೇಲೆ ಯಾರ ಹೆಸರೆಂಬುದು ಸಮಿತಿಗೆ ಬಿಟ್ಟದ್ದು, ಮತ್ತು ಸಮಿತಿಯಲ್ಲಿ ಕೂತಿರುವವನು ಸ್ಟುಡಿಯೋ ಮಾಲೀಕನ ಮೊಮ್ಮಗ. ಇದು ಫೆಬ್ರವರಿಯಲ್ಲೇ ನನಗೆ ಗೊತ್ತಿತ್ತು. ನಿಮ್ಮ ಉತ್ಸಾಹ ಕುಗ್ಗಬಾರದು ಎಂದು ಹೇಳಲಿಲ್ಲ.

ನಿರ್ದೇಶಕ ಕೇಳಿದ, "ನೀವು ಯಾವ ವಿಶ್ವವಿದ್ಯಾಲಯದೋರು?"

"ಯಾವುದೂ ಅಲ್ಲ. ಪ್ರೆಸ್ಸಲ್ಲಿ ಕೆಲಸ ಮಾಡ್ತೀನಿ."

"ಹಾಗಾದ್ರೆ ಇದನ್ನ ಸಂಶೋಧನೆ ಅಂತ ಹೇಗನ್ನೋದು ಮೇಡಂ? ಹವ್ಯಾಸ ಅನ್ನಿ, ಚೆನ್ನಾಗಿದೆ."

ಮೊಮ್ಮಗ ನಗುತ್ತಾ, "ಆ ಹೆಂಗಸು ನಮ್ಮ ತಾತನಿಗೆ ಪೆನ್ಸಿಲ್ ಚೂಪು ಮಾಡಿಕೊಡ್ತಿದ್ಲು. ಕ್ಯಾಮೆರಾ ಮುಟ್ಟಿದ್ಲು ಅನ್ನೋದಕ್ಕೆ ಒಂದು ಪುರಾವೆ ತನ್ನಿ, ನಾನೇ ಎದ್ದು ನಿಂತು ಹೆಸರು ಹಾಕಿಸ್ತೀನಿ" ಎಂದ.

ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ. ಸ್ವತಂತ್ರ ಸಂಶೋಧಕರ ಕೈ ಹಿಡಿಯುವುದೆಂದರೆ ಕೈ ತಿರುಚುವುದು ಎಂದು ಈಗ ತಿಳಿಯಿತು.

ಈಗ ಒಳ್ಳೆಯದು. ಅಕ್ಕ, ಕೂತುಕೊಂಡು ಓದಿ. ನಿಮ್ಮ ತಾಯಿ ಹುಚ್ಚಿಯಲ್ಲ.

ನಮ್ಮ ಪ್ರೆಸ್ಸಿನಲ್ಲಿ ಚಿತ್ರ ಅಚ್ಚು ಹಾಕಲು ಬ್ಲಾಕ್ ಮಾಡುತ್ತಿದ್ದ ಕಾಲದಲ್ಲಿ ಇದೇ ಕೆಂಪು ಬಣ್ಣದ ಕುಡಿಕೆ ಇರುತ್ತಿತ್ತು. ಗಾಜಿನ ಮೇಲೆ ಅದನ್ನು ಬಳಿದರೆ ಬೆಳಕು ದಾಟುವುದಿಲ್ಲ. ಅಲ್ಲಿ ಕಾಗದ ಬರೀ ಬಿಳಿಯಾಗಿ ಉಳಿಯುತ್ತದೆ. ಪೊಲೀಸರು ಬಂದದ್ದು ಮುಷ್ಕರ ಮಾಡಿದವರ ಮುಖಗಳಿಗಾಗಿ. ನಿಮ್ಮ ತಾಯಿ ಒಂದೊಂದೇ ಮುಖವನ್ನು ಮುಚ್ಚಿದರು. ಪ್ರಿಂಟು ಹಾಕಿಸಿದ ಪೊಲೀಸರ ಕೈಗೆ ಸಿಕ್ಕಿದ್ದು ಮುಖವಿಲ್ಲದ ಮೈಗಳ ಸಾಲು. ಕೆನ್ನೆಗೆ ಏಟು ತಿಂದದ್ದು ಅದಕ್ಕೆ. 'ಬುದ್ಧಿ ಕೈಯಲ್ಲೇ ಇತ್ತು' ಎಂದದ್ದು ಅದಕ್ಕೆ.

ಇನ್ನೂ ಇದೆ. ಅವರು ಬಣ್ಣ ಬಳಿದದ್ದು ಚಿತ್ರವಿರುವ ಬದಿಗಲ್ಲ, ಗಾಜಿನ ಬೆನ್ನಿಗೆ. ಯಾವತ್ತಾದರೂ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿದರೆ ಮುಖಗಳು ಹಾಗೇ ಹೊರಗೆ ಬರಬೇಕು ಎಂದು. ಅವರು ಅಳಿಸಲಿಲ್ಲ ಅಕ್ಕ, ಬಚ್ಚಿಟ್ಟರು.

ಕೊನೆಯದು. ಗೇಟಿನ ಮುಂದಿನ ದೊಡ್ಡ ಗುಂಪಿನ ಪ್ಲೇಟು ನೆನಪಿದೆಯಾ? ಎಲ್ಲರ ಮುಖ ಮಾತ್ರ ಕೆಂಪು. ಬಲ ಅಂಚಿನಲ್ಲಿರುವ ಒಬ್ಬಳಿಗೆ ತಲೆಯಿಂದ ಕಾಲಿನವರೆಗೂ ಕೆಂಪು. ಅವಳ ಕಾಲ ಬಳಿಯಿಂದ ಚಿತ್ರದ ಕೆಳ ಅಂಚಿಗೆ ಒಂದು ಸಣ್ಣ ಕೆಂಪು ಗೆರೆ. ಮುಖ ಮುಚ್ಚಿದರೆ ಸಾಕಿತ್ತು, ಮೈ ಯಾಕೆ ಮುಚ್ಚಬೇಕು? ನೆಲದ ಮೇಲಿನ ಗೆರೆಯನ್ನು ಯಾಕೆ ಮುಚ್ಚಬೇಕು? ಹಳೆಯ ಕ್ಯಾಮೆರಾಗಳಿಗೆ ಉದ್ದನೆಯ ರಬ್ಬರ್ ಕೊಳವೆ ಇರುತ್ತಿತ್ತು, ತುದಿಯಲ್ಲಿ ಒಂದು ಉಂಡೆ. ದೂರ ನಿಂತು ಉಂಡೆ ಅಮುಕಿದರೆ ಚಿತ್ರ ಬೀಳುತ್ತದೆ. ಅವಳು ನಿಮ್ಮ ತಾಯಿ. ಗಿರಣಿಯವರು ಅವರನ್ನೂ ಎಳೆದು ತಮ್ಮ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಾರೆ, ಅಲ್ಲಿಂದಲೇ ಅವರು ಚಿತ್ರ ತೆಗೆದಿದ್ದಾರೆ. ಆ ಕೆಂಪಿನ ಹಿಂದೆ ನಿಮ್ಮ ತಾಯಿಯ ಕೈಯಿದೆ, ಕೈಯಲ್ಲಿ ಉಂಡೆಯಿದೆ. ಮೊಮ್ಮಗ ಕೇಳಿದ ಪುರಾವೆ ಅದೇ.

ಪೆಟ್ಟಿಗೆಯನ್ನು ಯಾರಿಗೂ ಕೊಡಬೇಡಿ. ರಜೆ ಹಾಕಿ ಈ ತಿಂಗಳ ಕೊನೆಗೆ ನಾನೇ ಬರುತ್ತೇನೆ, ಹತ್ತಿ ತರುತ್ತೇನೆ. ಇಬ್ಬರೂ ಕೂತು ಒರೆಸೋಣ.

ನಿಮ್ಮ ಪ್ರೂಫಮ್ಮ


ಏಪ್ರಿಲ್ ೧೭

ತಂಗಿ,

ನಿನ್ನ ಹತ್ತನೇ ತಾರೀಕಿನ ಕಾಗದ ನಿನ್ನೆ ಬಂತು. ನನ್ನ ಒಂಬತ್ತನೇ ತಾರೀಕಿನದು ನಿನಗೆ ಇಷ್ಟರಲ್ಲಿ ಸಿಕ್ಕಿರುತ್ತದೆ. ಆದ್ದರಿಂದ ನಿನಗೆ ಅರ್ಧ ಗೊತ್ತಿದೆ. ಉಳಿದರ್ಧ ಬರೆಯುತ್ತೇನೆ.

ಪೆಟ್ಟಿಗೆಯ ಗಾಜನ್ನೆಲ್ಲ ಲಾಂಡ್ರಿಗೆ ಒಯ್ದೆ. ರಜೆಯ ದಿನ ಅಲ್ಲಿ ಯಾರೂ ಇರುವುದಿಲ್ಲ, ತೊಟ್ಟಿ ದೊಡ್ಡದು. ರಕ್ತ ಆದರೆ ತಣ್ಣೀರು, ಬಿಸಿನೀರು ಬಿದ್ದರೆ ಕಲೆ ಕೂತುಬಿಡುತ್ತದೆ. ಅದಕ್ಕೆ ಮೊದಲು ತಣ್ಣೀರಿನಲ್ಲೇ ಇಟ್ಟೆ. ಸ್ವಲ್ಪ ಸ್ವಲ್ಪ ಬಿಟ್ಟಿತು. ತಾಳ್ಮೆಯಿದ್ದಿದ್ದರೆ ಅಷ್ಟೇ ಸಾಕಿತ್ತೋ ಏನೋ. ಮರುದಿನ ಗಾಡಿ ಬರುತ್ತಿತ್ತು. ಇದು ರಕ್ತ ಅಲ್ಲ, ಬಣ್ಣ, ಅಂತ ನನಗೆ ನಾನೇ ಹೇಳಿಕೊಂಡು ಹಬೆಯ ನಲ್ಲಿ ತಿರುಗಿಸಿದೆ, ಸೋಡಾ ಹಾಕಿದೆ. ಆಪರೇಷನ್ ಅಂಗಿಗೆ ಹಾಕುವಷ್ಟು.

ಕೆಂಪು ಪೂರ್ತಿ ಹೋಯಿತು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಒಬ್ಬಳೇ ಜೋರಾಗಿ ನಕ್ಕೆ. ಆಮೇಲೆ ಗಾಜಿನ ಮೇಲಿಂದ ಏನೋ ಎದ್ದಿತು. ಕಾದ ಹಾಲಿನ ಮೇಲೆ ಕೆನೆ ಏಳುತ್ತದಲ್ಲ, ಹಾಗೆ. ತೆಳ್ಳಗೆ, ಗಾಜಿನಷ್ಟೇ ಅಗಲ. ಅದರ ಮೇಲೆ ಜನ ಇದ್ದರು. ಮುಖ ಕಪ್ಪು, ಕೂದಲು ಬಿಳಿ, ಎಲ್ಲ ತಿರುಗುಮುರುಗು. ಎಲ್ಲರಿಗೂ ಮುಖ ಇತ್ತು ತಂಗಿ. ನೀರಿನ ಮೇಲೆ ಸಾಲಾಗಿ ನಿಂತು ತೇಲುತ್ತಿದ್ದರು.

ಅಂಚಿನಲ್ಲಿ ಅಮ್ಮ ಇದ್ದಳು. ಕಪ್ಪೋ ಬಿಳಿಯೋ, ಹೆತ್ತವಳ ಗಲ್ಲ ಗೊತ್ತಾಗದೆ ಇರುತ್ತದಾ? ನನಗಿಂತ ಚಿಕ್ಕ ವಯಸ್ಸು. ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿಲ್ಲ. ಕೈಯಲ್ಲಿ ಒಂದು ಉಂಡೆ ಇತ್ತು, ಮಕ್ಕಳ ಸೈಕಲ್ಲಿನ ಹಾರ್ನಿನ ಥರ. ಇದೇನು ಹಿಡಿದಿದ್ದಾಳೆ ಅಂದುಕೊಂಡೆ. ಏನು ಅಂತ ನಿನ್ನೆ ನಿನ್ನ ಕಾಗದ ಓದಿದಾಗ ತಿಳಿಯಿತು.

ಎತ್ತಿಕೊಳ್ಳೋಣ ಅಂತ ಅಂಗೈ ಕೆಳಗೆ ಹಾಕಿದೆ. ಮುಟ್ಟಿದ ಕೂಡಲೇ ಹರಿಯಿತು. ಬೆರಳ ಸಂದಿಯಲ್ಲಿ ಲೋಳೆಯಾಗಿ ಇಳಿದು ತೂಬಿನೊಳಗೆ ಹೋಯಿತು. ಒಂದಾದ ಮೇಲೊಂದು, ಎಲ್ಲವೂ. ತೂಬಿಗೆ ಕೈ ಒತ್ತಿ ಹಿಡಿದೆ. ನೀರು ನಿಂತಿತು, ಅವರು ನಿಲ್ಲಲಿಲ್ಲ.

ಮರುದಿನ ಗಾಡಿ ಬಂತು. ಡ್ರೈವರ್ ಪೆಟ್ಟಿಗೆ ತೆಗೆದು ನೋಡಿ, "ಏನಮ್ಮ, ಕಿಟಕಿ ಗಾಜು ಕೊಡ್ತಿದೀಯ?" ಅಂದ.

ನೀನು ಬರೆದದ್ದೆಲ್ಲ ನಿಜ. ಉಂಡೆ ಇತ್ತು. ನಾನು ನೋಡಿದೆ. ನೋಡಿದವಳು ನಾನೊಬ್ಬಳೇ, ತೊಳೆದವಳೂ ನಾನೇ.

ಬೈಯಬೇಕು ಅನಿಸಿದರೆ ಬೈದು ಬರಿ. ಬರೆಯದೆ ಮಾತ್ರ ಇರಬೇಡ.


ಮೇ ೬

ತಂಗಿ,

ತಿಂಗಳ ಕೊನೆಗೆ ಬರುತ್ತೇನೆ ಅಂತ ನೀನು ಬರೆದಿದ್ದೆ. ನಾನು ಬಸ್ ನಿಲ್ದಾಣಕ್ಕೆ ಹೋಗಿ ಕೂತಿದ್ದೆ.


ಜೂನ್ ೪

ಅಕ್ಕ,

ಬರಲಿಲ್ಲ. ಟಿಕೆಟ್ಟು ತೆಗೆಯಲು ಸಾಲಿನಲ್ಲಿ ನಿಂತು ವಾಪಸ್ಸು ಬಂದೆ. ನಿನ್ನನ್ನು ಬೈಯಲಿಕ್ಕೆ ನನಗೆ ಯಾವ ಬಾಯಿಯೂ ಇಲ್ಲ, ನಿನ್ನ ಮುಖ ನೋಡಲು ಕಣ್ಣೂ ಇಲ್ಲ.

ಕೆಂಪಿನ ಗುಟ್ಟು ನನಗೆ ಜನವರಿಯಲ್ಲೇ, ನಿನ್ನ ಮಂಚದ ಮೇಲೆ ಕೂತಾಗಲೇ ಹೊಳೆದಿತ್ತು. ಅಂಚಿನ ಆಕೃತಿಯನ್ನೂ ಅವತ್ತೇ ಗುರುತು ಹಾಕಿಕೊಂಡಿದ್ದೆ. ಅದನ್ನು ನಾನು ಯಾರಿಗೆ ಬರೆದೆ ಗೊತ್ತಾ? ಪ್ರತಿಷ್ಠಾನಕ್ಕೆ. ಅರ್ಜಿಯಲ್ಲಿ ಎರಡು ಪುಟ, ಟೈಪು ಮಾಡಿಸಿ. ನನ್ನನ್ನು ಸಂಶೋಧಕಿ ಎಂದು ಒಪ್ಪಲಿ ಎಂಬ ಆಸೆಗೆ. ಮೊಮ್ಮಗನಿಗೆ ಗೊತ್ತಿತ್ತು, ನಿರ್ದೇಶಕನಿಗೆ ಗೊತ್ತಿತ್ತು, ಅವರ ಟೈಪಿಸ್ಟಿಗೂ ಗೊತ್ತಿತ್ತು. ಹೆತ್ತ ತಾಯಿಯನ್ನು ಹುಚ್ಚಿ ಅಂದುಕೊಂಡೇ ಬದುಕಿದ ನಿನಗೆ ಮಾತ್ರ, 'ಖಚಿತವಾದ ಮೇಲೆ ಬರೆಯುತ್ತೇನೆ' ಎಂದೆ. ಒಂದು ಸಾಲು ಸಾಕಿತ್ತು. ನೀನು ಕೇಳಿದ್ದೂ ಒಂದೇ ಸಾಲು.

ಅವರಿಗೂ ಗೊತ್ತಿದ್ದೇ 'ಕಲೆ' ಎಂದು ಬರೆದರು. ನೀರು ಮುಟ್ಟಿಸಬೇಡಿ ಎಂದು ಅವರೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈ ವಿಷಯದಲ್ಲಿ ಅವರಿಗೂ ನನಗೂ ಏನು ವ್ಯತ್ಯಾಸ? ದುಡಿದವರ ಪರ ಅಂತ ನಿನಗೆ ಬರೆದ ಕಾಗದದಲ್ಲಿ ಗಂಟಲು ಹರಿದುಕೊಂಡವಳು ನಾನು.

ನಿರ್ದೇಶಕನ ಬಳಿ ಹೋಗಿ ನಿನ್ನ ಕಾಗದ ಓದಿದೆ. "ಆಕೆಯ ಮಗಳೇ ನೋಡಿದಾಳೆ" ಎಂದೆ. "ಮಗಳು ಇನ್ನೇನು ಹೇಳ್ತಾಳೆ ಮೇಡಂ?" ಎಂದ.

ಆಹ್ವಾನ ಪತ್ರಿಕೆ ಅಚ್ಚಿಗೆ ನಮ್ಮ ಪ್ರೆಸ್ಸಿಗೇ ಬಂತು. ಪ್ರೂಫು ನನ್ನ ಮೇಜಿನ ಮೇಲೆಯೇ ಬಿತ್ತು. ಮುಖಪುಟದಲ್ಲಿ ಕುರ್ಚಿಯ ಮೇಲೆ ಕೂತ ದಾದಿ, ನಾನು ತಂದುಕೊಟ್ಟ ಪ್ಲೇಟು. ಕೆಳಗೆ ಮಾಲೀಕನ ಹೆಸರು. ಅಕ್ಷರ ತಪ್ಪಿರಲಿಲ್ಲ. ತಿದ್ದುವುದಕ್ಕೆ ಏನೂ ಇರಲಿಲ್ಲ. 'ಸರಿಯಿದೆ' ಎಂದು ಬರೆದು ಸಹಿ ಹಾಕಿ ಕಳಿಸಿದೆ. ಅದೇ ನನ್ನ ಕೆಲಸ.

ಇನ್ನು ಇದನ್ನು ಬಿಡುತ್ತೇನೆ. ನನ್ನ ಟಿಪ್ಪಣಿಗಳನ್ನೆಲ್ಲ ಕಟ್ಟಿ ಅಟ್ಟದ ಮೇಲೆ ಹಾಕಿದ್ದೇನೆ. ಹೆಸರಿಲ್ಲದೆ ಸತ್ತವರನ್ನು ಇನ್ನೊಂದು ಸಲ ಸಾಯಿಸಲು ನನ್ನಂಥವಳು ಬೇಕಾಗಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ.


ಜೂನ್ ೧೧

ಪ್ರೂಫಮ್ಮ,

ನಿನ್ನ ಕಾಗದ ಓದಿ ಮೊದಲು ಒಲೆಗೆ ಹಾಕೋಣ ಅನಿಸಿತು. 'ಸರಿಯಿದೆ' ಅಂತ ಸಹಿ ಹಾಕಿದೆಯಾ? ಆ ಕೈಗೆ ನನ್ನ ಸೋಡಾ ಹಾಕಬೇಕಿತ್ತು.

ಹೌದು, ನಿನಗೆ ಗೊತ್ತಿತ್ತು, ಹೇಳಲಿಲ್ಲ. ಅದನ್ನು ನಾನು ಮರೆಯುವುದಿಲ್ಲ. ಸಾಯುವ ತನಕ ನೆನಪಿಸುತ್ತೇನೆ, ಸಿದ್ಧವಾಗಿರು. ಆದರೆ ಅಟ್ಟ ಹತ್ತಿ ಕೂತು ಅಳುವುದಕ್ಕೂ ರಜೆ ಬೇಕು ತಾಯಿ. ನನಗೆ ರಜೆಯಿಲ್ಲ. ನಾನು ತೊಳೆದ ದಿನದಿಂದ ಕಣ್ಣು ಮುಚ್ಚಿದರೆ ತೊಟ್ಟಿ, ತೆರೆದರೂ ತೊಟ್ಟಿ. ಅದರ ಮುಂದೆಯೇ ನಿಂತು ದಿನಾ ಬಟ್ಟೆ ಒಗೆಯುತ್ತೇನೆ.

ಗಿರಣಿಯವರ ಹಳೆ ಸಾಲುಮನೆಗಳಿಗೆ ಹೋಗಿದ್ದೆ. ಮುಷ್ಕರದವರಲ್ಲಿ ಒಬ್ಬ ನೂಲುಗಾರ ಉಳಿದಿದ್ದಾನೆ ಅಂದರು. ಗೋಡೆ ಕಡೆ ಮುಖ ಮಾಡಿ ಮಲಗಿದ್ದ. "ಅಜ್ಜಾ, ಗೇಟಿನ ಹತ್ರ ಫೋಟೋ ತೆಗೆದದ್ದು ನೆನಪಿದೆಯಾ? ಯಾರು ತೆಗೆದದ್ದು?" ಅಂತ ಕೇಳಿದೆ. ಇತ್ತ ಹೊರಳಿ ನನ್ನನ್ನು ನೋಡಿ, "ಯಾವ ಗೇಟು?" ಅಂದ. ಸೊಸೆ ಅವನಿಗೆ ಚಹಾ ಕುಡಿಸಿದಳು. ನಾನು ಎದ್ದು ಬಂದೆ. ಅಂದರೆ ಅಲ್ಲಿಯೂ ಇಲ್ಲ. ಅಮ್ಮ ಕಾಪಾಡಿದ ಮುಖ ಅಮ್ಮನನ್ನು ಗುರುತು ಹಿಡಿಯಲಿಲ್ಲ.

ಆದ್ದರಿಂದ ಸುಳ್ಳು ಸಮಾಧಾನ ಬೇಡ. ಪುರಾವೆ ಹೋಗಿದೆ. ಹೆಸರು ಬರುವುದಿಲ್ಲ. ಮೊಮ್ಮಗ ಮಾಲೆ ಹಾಕಿಸಿಕೊಳ್ಳುತ್ತಾನೆ, ಊಟ ಮಾಡಿ ಮನೆಗೆ ಹೋಗುತ್ತಾನೆ. ಇದನ್ನು ನಾನೂ ನೀನೂ ಸೇರಿ ತಪ್ಪಿಸಲು ಆಗುವುದಿಲ್ಲ.

ಆದರೆ ಪೆಟ್ಟಿಗೆ ಇನ್ನೂ ನನ್ನ ಹತ್ತಿರ ಇದೆ. ಕಿಟಕಿ ಗಾಜು. ಒಂದನ್ನೂ ಬಿಸಾಡಿಲ್ಲ. ಅದನ್ನು ಹೊತ್ತುಕೊಂಡು ಬರುತ್ತೇನೆ. ಪ್ರದರ್ಶನ ಶುರುವಾಗುವ ದಿನ ಅವರ ಬಾಗಿಲ ಮುಂದೆ ಒಂದೊಂದಾಗಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸುತ್ತೇನೆ, ನೀನು ಹೇಳಿಕೊಟ್ಟ ಹಾಗೆ, ಮಲಗಿಸದೆ. ಒಳಗೆ ಹೋಗುವವರು ಅವುಗಳ ನಡುವೆಯೇ ಕಾಲು ಹುಡುಕಿಕೊಂಡು ಹೋಗಬೇಕು. ಇದೇನು ಅಂತ ಕೇಳಿದವರಿಗೆ ಹೇಳುತ್ತೇನೆ: ಇದು ಗೇಟಿನ ಮುಂದಿನ ಗುಂಪು, ಇದು ನೂಲುವವರ ಸಾಲು, ಇದರ ಅಂಚಿನಲ್ಲಿ ನಮ್ಮಮ್ಮ, ಕೈಯಲ್ಲಿ ಉಂಡೆ. ತೊಳೆದವಳು ನಾನು, ಅದನ್ನೂ ಹೇಳುತ್ತೇನೆ. ಹುಚ್ಚಿ ಅನ್ನಲಿ. ಆ ಹೆಸರಾದರೂ ನಮ್ಮ ಮನೆಯದು.

ಲಾಂಡ್ರಿಯ ಇಬ್ಬರು ಬರುತ್ತೇವೆ ಅಂದಿದ್ದಾರೆ. ಬರುವುದಿಲ್ಲ, ನನಗೆ ಗೊತ್ತು. ನೀನು ಬರುತ್ತೀಯೋ ಇಲ್ಲವೋ ಅದೂ ಗೊತ್ತಿಲ್ಲ. ಬಂದರೆ ಅಟ್ಟದ ಮೇಲಿನ ಕಟ್ಟು ಇಳಿಸಿಕೊಂಡು ಬಾ. ಬರೀಗೈಯಲ್ಲಿ ಬಂದರೆ ಮಾತಾಡಿಸುವುದಿಲ್ಲ.

ಪೆಟ್ಟಿಗೆ ಭಾರ ಇದೆ, ಒಬ್ಬಳಿಗೆ ಇಳಿಸಲು ಆಗುವುದಿಲ್ಲ. ಜೂನ್ ಇಪ್ಪತ್ತೊಂದು, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ, ಪ್ರತಿಷ್ಠಾನದ ಮುಂಬಾಗಿಲು.